ಮೂವತ್ತೊಂಬತ್ತನೇ ಇಸವಿಯ ರೂಪಾಯಿ

ಆ ಭಾನುವಾರ ಬೆಳಿಗ್ಗೆ ಮಡಿವಾಳದಲ್ಲಿ ಅತ್ತಿಬೆಲೆಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗಿನಿಂದ ಪಂಚಾಕ್ಷರಿಯ ಬಲಗೈ ತೊಡೆಯ ಮೇಲಿದ್ದ ಚರ್ಮದ ಚೀಲವನ್ನು ಬಿಟ್ಟಿರಲಿಲ್ಲ. ಚೀಲದೊಳಗೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ, ದಪ್ಪ ಅಳೆಯುವ ವರ್ನಿಯರ್, ಚಿನ್ನ ತೂಗುವ ಪುಟ್ಟ ತಕ್ಕಡಿ, ಒಂದು ಅಯಸ್ಕಾಂತದ ತುಂಡು ಮತ್ತು ಬೆಂಕಿಪೊಟ್ಟಣದಲ್ಲಿ ಹತ್ತಿ ಸುತ್ತಿ ಇಟ್ಟ ಸಾವಿರದ ಒಂಬೈನೂರ ಮೂವತ್ತೆಂಟನೇ ಇಸವಿಯ ಬೆಳ್ಳಿ ರೂಪಾಯಿ ಇದ್ದವು. ಟಿಕೆಟ್ಟು ಹರಿಯುತ್ತ ಬಂದ ಕಂಡಕ್ಟರು ಚೀಲವನ್ನೂ ಅವನ ಇಸ್ತ್ರಿ ಮಾಡಿದ ಅಂಗಿಯನ್ನೂ ನೋಡಿ "ಡಾಕ್ಟ್ರಾ ಸಾರ್?" ಎಂದು ಕೇಳಿದ. ಪಂಚಾಕ್ಷರಿ ಹೌದು ಎಂದುಬಿಟ್ಟ. ಯಾಕೆ ಹೌದೆಂದೆ ಎಂದು ಅವನು ಯೋಚಿಸುವುದರೊಳಗೆ ಕಂಡಕ್ಟರು ಪ್ಯಾಂಟು ಮೇಲೆತ್ತಿ ಎಡಮಂಡಿ ತೋರಿಸಿ, ಬ್ರೇಕು ಹಾಕಿದಾಗೆಲ್ಲ ಅದು ಹೇಗೆ ಹಿಡಿದುಕೊಳ್ಳುತ್ತದೆಂದು ವಿವರಿಸತೊಡಗಿದ್ದ. "ಬಿಸಿನೀರಿಗೆ ಉಪ್ಪು ಹಾಕಿ ಬಟ್ಟೆ ಅದ್ದಿ ಶಾಖ ಕೊಡಿ" ಎಂದು ಪಂಚಾಕ್ಷರಿ ಗಂಭೀರವಾಗಿ ಹೇಳಿದ. ಅವನ ತಾಯಿ ದಾವಣಗೆರೆಯಲ್ಲಿ ಎಲ್ಲ ನೋವಿಗೂ ಅದನ್ನೇ ಹೇಳುತ್ತಿದ್ದರು. ಕಂಡಕ್ಟರು ಅಷ್ಟಕ್ಕೇ ಅರ್ಧ ವಾಸಿಯಾದವನಂತೆ ಮುಂದೆ ಹೋದ. ಮೂವತ್ತೇಳು ವರ್ಷದ ಮನುಷ್ಯ, ಎರಡು ಮಕ್ಕಳ ತಂದೆ, ಸುಳ್ಳಿನಿಂದ ಏನೂ ಸಿಗದ ಜಾಗದಲ್ಲೂ ಸುಳ್ಳು ಹೇಳುತ್ತಾನೆ ಎನ್ನುವುದು ಬೊಮ್ಮನಹಳ್ಳಿ ದಾಟುವವರೆಗೂ ಅವನನ್ನು ಚುಚ್ಚುತ್ತಿತ್ತು. ಆಮೇಲೆ ನಗು ಬಂತು.

ಹೋಗುತ್ತಿದ್ದುದು ಹೆಬ್ಬಗೋಡಿಗೆ, ಯಮನಪ್ಪ ಎಂಬ ಗೌಂಡಿಯ ಮನೆಗೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪಂಚಾಕ್ಷರಿ ಕೆಲಸ ಮಾಡುವ ಕಾರ್ಖಾನೆ ಆ ವರ್ಷ, ಎಂದರೆ ತೊಂಬತ್ತಾರರಲ್ಲಿ, ಹೊಸ ಶೆಡ್ಡು ಕಟ್ಟಿಸುತ್ತಿತ್ತು. ಬಾದಾಮಿ ಕಡೆಯಿಂದ ಬಂದ ಹತ್ತಿಪ್ಪತ್ತು ಜನ ಅಲ್ಲಿ ಗಾರೆ ಕೆಲಸಕ್ಕಿದ್ದರು. ಗುರುವಾರ ಚಹಾದ ಹೊತ್ತಿನಲ್ಲಿ ಅವರಲ್ಲೊಬ್ಬ, ತೆಳ್ಳಗೆ ಉದ್ದಕ್ಕಿದ್ದವನು, ಕೈಗೆ ಹತ್ತಿದ ಸಿಮೆಂಟನ್ನು ಚಡ್ಡಿಗೆ ಒರೆಸಿಕೊಳ್ಳುತ್ತ ಬಂದು "ಸಾಹೇಬ್ರ, ನಮ್ಮ ಮನ್ಯಾಗ ರಾಜನ ಮಾರಿ ಇರೂ ರೂಪಾಯಿ ಐತ್ರಿ. ಮೂವತ್ತೊಂಬತ್ತನೇ ಇಸ್ವಿದು" ಎಂದಿದ್ದ. ಪಂಚಾಕ್ಷರಿ ಚಹಾದ ಲೋಟ ಕೆಳಗಿಟ್ಟು ಭಾನುವಾರ ಬರುತ್ತೇನೆಂದು ಹೇಳಿದ್ದ. ಆ ವರ್ಷದ ರೂಪಾಯಿ ಕೈಗೆ ಸಿಗುವುದು ಅಪರೂಪ. ಅದಕ್ಕೇ ಖೋಟಾ ಮಾಡುವವರೂ ಹೆಚ್ಚು. ಹಿಂದಿನ ವರ್ಷದ ರೂಪಾಯಿ ಬೇಕಾದಷ್ಟು ಸಿಗುತ್ತದೆ, ಅದರ ಎಂಟರ ಕೆಳಗಿನ ಹೊಟ್ಟೆಯ ಎಡಭಾಗವನ್ನು ಸಣ್ಣ ಉಳಿಯಿಂದ ಕೆರೆದು ತೆಗೆದರೆ ಒಂಬತ್ತಾಗುತ್ತದೆ. ಇಸವಿಯನ್ನು ತಾನಾಗಿಯೇ ಮೊದಲು ಹೇಳುವವನನ್ನು ನಂಬಬಾರದು. ಅಜ್ಜನದು, ಪಾಯ ತೋಡುವಾಗ ಸಿಕ್ಕಿತು, ಮಗಳ ಮದುವೆ ಎಂದೆಲ್ಲ ಕಥೆ ಕಟ್ಟುವವನ ಕಥೆ ಕೇಳುತ್ತ ಕೂತರೆ ಕಣ್ಣು ಮಂಜಾಗುತ್ತದೆ. ಬಾಯಿ ಮುಚ್ಚಿಸಿ ನಾಣ್ಯ ನೋಡಬೇಕು. ಇದನ್ನೆಲ್ಲ ಪಂಚಾಕ್ಷರಿ ಕಲಿತದ್ದು ತಡವಾಗಿ.

ಎರಡು ವರ್ಷದ ಹಿಂದೆ ಸಫಾರಿ ತೊಟ್ಟ ಒಬ್ಬ ಸಭ್ಯಸ್ಥನಿಂದ ಅವನೊಂದು ಮೂವತ್ತೊಂಬತ್ತು ಕೊಂಡಿದ್ದ. ಹೆಂಡತಿ ಭಾಗ್ಯಶ್ರೀಗೆ ಹೇಳದೆ, ಬೋನಸ್ಸು ಪೂರ್ತಿ ಸುರಿದು. ನಾಣ್ಯ ಸಂಗ್ರಾಹಕರ ತಿಂಗಳ ಸಭೆಗೆ ಅದನ್ನು ಮಖಮಲ್ಲಿನ ಡಬ್ಬಿಯಲ್ಲಿಟ್ಟು ಒಯ್ದಿದ್ದ. ಸಭೆಯ ಹಿರಿಯರು ಹನುಮಂತಯ್ಯ, ಎಪ್ಪತ್ತು ದಾಟಿದವರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರು ಮಸೂರ ಕಣ್ಣಿಗಿಟ್ಟು, ನಾಣ್ಯವನ್ನು ಒಮ್ಮೆ ಓರೆ ಮಾಡಿ, "ಬೆಳ್ಳಿ ಅಸಲಿ ಸ್ವಾಮಿ. ಇಸವಿ ಖೋಟಾ. ಎಂಟಕ್ಕೆ ಕ್ಷೌರ ಮಾಡಿದಾರೆ" ಎಂದರು. ಇಪ್ಪತ್ತು ಜನ ಗೊಳ್ಳೆಂದು ನಕ್ಕರು. ನಕ್ಕದ್ದಕ್ಕೆ ಅವನಿಗೆ ಬೇಜಾರಿಲ್ಲ. ತಾನೂ ಅವರ ಜೊತೆ, ಅವರಿಗಿಂತ ಜೋರಾಗಿ, ಯಾರದೋ ಮೇಲೆ ನಗುವವನ ಹಾಗೆ ನಕ್ಕಿದ್ದ. ಆ ನಗು ಈಗಲೂ ಸ್ನಾನ ಮಾಡುವಾಗಲೋ ಶೂ ಕಟ್ಟುವಾಗಲೋ ಕಿವಿಗೆ ಬಂದು ಅವನು ತನ್ನಷ್ಟಕ್ಕೆ "ಛೆ" ಎಂದು ಜೋರಾಗಿ ಅನ್ನುತ್ತಾನೆ, ಭಾಗ್ಯಶ್ರೀ ಅಡುಗೆಮನೆಯಿಂದ "ಏನಾಯ್ತ್ರೀ?" ಎನ್ನುತ್ತಾಳೆ. ಕಾರ್ಖಾನೆಯ ಪರಿಶೀಲನಾ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಕೂದಲೆಳೆಯ ವ್ಯತ್ಯಾಸವಿದ್ದ ಬಿಡಿಭಾಗವನ್ನೂ ಹಿಡಿದು ಪಕ್ಕಕ್ಕಿಡುವ ಮನುಷ್ಯ ಒಂದು ಎಂಟನ್ನು ಹಿಡಿಯಲಿಲ್ಲ. ಸಭೆಯಲ್ಲಿ ಅವನ ಹೆಸರೇ ಮೂವತ್ತೆಂಟು ಎಂದಾಯಿತು. ಆಮೇಲೆ ಅವನು ಹಟ ಹಿಡಿದು ಕಲಿತ. ರಜೆಯ ದಿನವೆಲ್ಲ ಅಸಲಿ ನಾಣ್ಯಗಳನ್ನೇ ನೋಡಿದ. ಅಸಲಿ ಸಾವಿರ ನೋಡಿದರೆ ಖೋಟಾ ತಾನಾಗಿ ಕೆಮ್ಮುತ್ತದೆ ಎನ್ನುತ್ತಿದ್ದರು ಹನುಮಂತಯ್ಯ. ಈಗ ಅವನಿಗೆ ಕೆಮ್ಮು ಕೇಳಿಸುತ್ತಿತ್ತು. ಆದರೆ ಅಸಲಿ ಮೂವತ್ತೊಂಬತ್ತು ಮಾತ್ರ ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಎಲ್ಲೂ ಕಂಡಿರಲಿಲ್ಲ.

ಹೆಬ್ಬಗೋಡಿಯ ಸ್ಟಾಪಿನಲ್ಲಿ ಯಮನಪ್ಪ ಕಾದು ನಿಂತಿದ್ದ. ಸ್ನಾನ ಮಾಡಿ, ವಿಭೂತಿ ಇಟ್ಟು, ಬಿಳಿ ಅಂಗಿ ಹಾಕಿಕೊಂಡಿದ್ದರಿಂದ ಪಂಚಾಕ್ಷರಿಗೆ ತಕ್ಷಣ ಗುರುತು ಸಿಗಲಿಲ್ಲ. ಮೋಸಗಾರರೇ ಹೀಗೆ ಶುಭ್ರವಾಗಿ ಬರುತ್ತಾರೆ ಎಂದುಕೊಂಡ. ಹಾಗೆ ಅಂದುಕೊಂಡ ಮರುಗಳಿಗೆ ತಾನೂ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡೇ ಹೊರಟಿದ್ದೆನೆಂದು ನೆನಪಾಗಿ ಹಣೆ ಮುಟ್ಟಿಕೊಂಡ. ರಸ್ತೆಯಿಂದ ಒಳಗೆ ಹೋದರೆ ಒಂದೇ ಗೋಡೆಗೆ ಅಂಟಿದ ಎಂಟು ಕೋಣೆಗಳ ಸಾಲು, ಮೇಲೆ ಸಿಮೆಂಟ್ ಶೀಟು, ಮುಂದೆ ಒಂದು ನಲ್ಲಿ. ಪ್ರತಿ ಬಾಗಿಲಲ್ಲೂ ಜನ. "ಇವ್ರ ಏನ ರೊಕ್ಕಾ ನೋಡೂ ಸಾಹೇಬ್ರು?" ಎಂದು ಯಾರೋ ಕೇಳಿದರು. ಯಮನಪ್ಪ ಹೆಮ್ಮೆಯಿಂದ ಹ್ಞೂಂ ಎಂದ. ದಾರಿಯುದ್ದಕ್ಕೂ ಅವನು ಒಂದು ಹಾರ್ಮೋನಿಯಂ ವಿಷಯ ಹೇಳುತ್ತಿದ್ದ. ಸೋಮವಾರ ಸೋಮವಾರ ಸಾಲಿನವರೆಲ್ಲ ಕೂತು ಭಜನೆ ಮಾಡುತ್ತಾರೆ, ತಾಳ ಇದೆ, ಡಗ್ಗಾ ಇದೆ, ಪೇಟಿ ಒಂದಿಲ್ಲ. "ಬಳೇಪೇಟ್ಯಾಗ ಒಂದ ಹಳೇ ಪೇಟಿ ನೋಡಿ ಬಂದೇನ್ರಿ. ಬೆರಳ ಇಟ್ರ ಸಾಕ್ರಿ ಸಾಹೇಬ್ರ, ತಾನ ಅಳತೈತಿ. ನಿಮ್ಮ ಹಂತ್ಯಾಕ ಬಂದಿದ್ದ ಅದಕ್ಕ ನೋಡ್ರಿ. ನೀವ ಹೇಳಿದ್ರಲ್ಲ, ಮೂವತ್ತೊಂಬತ್ತನೇ ಇಸ್ವಿದ ಇದ್ರ ತೋರಸ್ರಿ ಅಂತ." ಪಂಚಾಕ್ಷರಿ ನಿಂತ. ಹೌದು. ಯುಗಾದಿಯ ಮಾರನೇ ದಿನ ಹೊಸ ಶೆಡ್ಡಿನ ಹತ್ತಿರ ಅವನೇ ಕೂಲಿಯವರನ್ನೆಲ್ಲ ಸೇರಿಸಿ, ಇಂಥ ಇಸವಿಯದು ಇದ್ದರೆ ಹೇಳಿ ಎಂದಿದ್ದ. ಇಸವಿ ಮೊದಲು ಹೇಳಿದವನು ತಾನು. ಮೂರು ದಿನದಿಂದ ಕಳ್ಳನೆಂದು ಅನುಮಾನಿಸಿದ್ದು ತನ್ನ ಮಾತನ್ನೇ ವಾಪಸು ತಂದುಕೊಟ್ಟವನನ್ನು.

ಒಳಗೆ ಒಂದೇ ಕುರ್ಚಿ, ಪಕ್ಕದ ಮನೆಯಿಂದ ತಂದದ್ದು. ಯಮನಪ್ಪನ ಹೆಂಡತಿ ರುಕ್ಮವ್ವ, ಅದೇ ಶೆಡ್ಡಿಗೆ ಇಟ್ಟಿಗೆ ಹೊರುವವಳು, ನೀರು ಕೊಟ್ಟಳು, ಚಹಾ ಕೊಟ್ಟಳು, ಮಾತಾಡಲಿಲ್ಲ. ಗಂಡ ಎರಡು ಸಲ "ತಗಿಯಲೇ" ಎಂದ ಮೇಲೆ ಟ್ರಂಕಿನ ತಳದಿಂದ ಒಂದು ಕುಂಕುಮದ ಭರಣಿ ತೆಗೆದು, ಅದರೊಳಗಿಂದ ಬಟ್ಟೆಯ ಗಂಟು ತೆಗೆದು, ಅದನ್ನು ಅವನ ಕೈಗೆ ಕೊಡದೆ ಚಾಪೆಯ ಮೇಲಿಟ್ಟಳು. "ನಮ್ಮ ಆಯಿದ್ರಿ ಇದು, ಅವ್ವನ ಅವ್ವಂದು. ಮಲಕವ್ವ ಅಂತ. ಮದಿವ್ಯಾಗ ಅಕಿ ಅಣ್ಣ ಆಯೇರಿ ಮಾಡಿದ್ದಂತ. ಸಾಯೂಮುಂದ ನನ್ನ ಕೈಯಾಗ ಇಟ್ಟಾಳ" ಎಂದು ಗೋಡೆಗೆ ಹೇಳಿದಳು. ಕಥೆ ಕೇಳಬಾರದು ಎಂದುಕೊಂಡ ಪಂಚಾಕ್ಷರಿ ನಾಣ್ಯ ಎತ್ತಿಕೊಂಡು ಬಾಗಿಲ ಬೆಳಕಿಗೆ ಬಂದು ಕೂತ.

ಅವನ ಕೈಗಳು ತಮ್ಮಷ್ಟಕ್ಕೆ ಕೆಲಸ ಶುರುಮಾಡಿದವು. ಮೊದಲು ಬರಿಗಣ್ಣು. ಸವೆದಿದ್ದರೆ ಎಲ್ಲಿ ಸವೆಯಬೇಕೋ ಅಲ್ಲೇ ಸವೆದಿದೆಯೇ? ರಾಜನ ಕಿರೀಟದ ಉಬ್ಬು, ಕಿವಿಯ ಮೇಲಿನ ಕೂದಲು ನುಣುಪಾಗಿದ್ದವು. ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು, ಅದೂ ಒಂದೇ ಸಮನಾಗಿರಲಿಲ್ಲ, ಕುಂಕುಮದ ಕೆಂಪು ಬೆರೆತಿತ್ತು. ಹೊಗೆ ಹಿಡಿಸಿ ಹಳೆಯದು ಮಾಡಿದ್ದರೆ ಎಲ್ಲ ಕಡೆ ಒಂದೇ ಬಣ್ಣ ಇರುತ್ತಿತ್ತು. ಅಯಸ್ಕಾಂತ ಸುಮ್ಮನಿತ್ತು. ತಕ್ಕಡಿಯ ಒಂದು ತಟ್ಟೆಗೆ ತನ್ನ ಮೂವತ್ತೆಂಟು, ಇನ್ನೊಂದಕ್ಕೆ ಇದು. ಮುಳ್ಳು ಎರಡು ಸಲ ತೂಗಿ ನೆಟ್ಟಗೆ ನಿಂತಿತು. ಬೆರಳ ತುದಿಯಲ್ಲಿ ನಿಲ್ಲಿಸಿ ಅಂಚಿಗೆ ಪೆನ್ಸಿಲ್ಲಿನಿಂದ ತಟ್ಟಿದ. ತೆಳ್ಳನೆಯ ನಾದ ಹೊರಟು ನಿಧಾನವಾಗಿ ಕರಗಿತು. ಯಮನಪ್ಪ ಕಣ್ಣು ಮುಚ್ಚಿ "ಸಾ ಐತ್ರಿ" ಎಂದ. ಅಂಚಿನ ಹಲ್ಲುಗಳನ್ನು ಸುತ್ತಲೂ ತಿರುಗಿಸಿ ನೋಡಿದ. ಅಚ್ಚಿಗೆ ಸುರಿದು ಮಾಡಿದ್ದರೆ ಎರಡು ಹೋಳು ಕೂಡಿದ ಗೆರೆಯೋ, ಅದನ್ನು ಉಜ್ಜಿದ ಗುರುತೋ ಇರಬೇಕಿತ್ತು. ಇರಲಿಲ್ಲ. ಮಸೂರದಲ್ಲಿ ಮೈಯೆಲ್ಲ ಹುಡುಕಿದ. ಗಾಳಿಗುಳ್ಳೆಯ ಕುಳಿ ಒಂದೂ ಇರಲಿಲ್ಲ. ಕೊನೆಗೆ ಇಸವಿ. ಒಂಬತ್ತರ ಬಾಲದ ಎಡಕ್ಕಿದ್ದ ಖಾಲಿ ಜಾಗ ಸುತ್ತಲಿನ ಜಾಗದಷ್ಟೇ ನಯವಾಗಿ, ಒಂದು ಗೀರಿಲ್ಲದೆ, ಕೆರೆಯ ನೀರಿನ ಹಾಗೆ ಮಲಗಿತ್ತು. ಬಾಲದ ತುದಿ ಪುಸ್ತಕದ ಚಿತ್ರದಲ್ಲಿದ್ದಂತೆಯೇ ಒಳಕ್ಕೆ ಬಾಗಿತ್ತು. ಎಂಟರ ಹೊಟ್ಟೆ ಅಲ್ಲಿ ಯಾವತ್ತೂ ಇರಲೇ ಇಲ್ಲ. ಮಸೂರದ ವೃತ್ತದೊಳಗೆ ಆ ಅಂಕಿ ತನ್ನನ್ನೇ ನೋಡುತ್ತಿದೆ ಅನಿಸಿ ಅವನು ತಲೆ ಎತ್ತಿದ.

"ಇಸವಿ ಖೋಟಾ ರೀ" ಎಂದ.

ಹೇಳಿದ್ದು ಯಾರೆಂದು ಒಂದು ಕ್ಷಣ ಅವನಿಗೇ ತಿಳಿಯಲಿಲ್ಲ. ದನಿ ಮಾತ್ರ ಶಾಂತವಾಗಿ ಮುಂದುವರಿಯಿತು. "ಬೆಳ್ಳಿ ಅಸಲಿ. ಎಂಟನ್ನ ಕೆರೆದು ಒಂಬತ್ತು ಮಾಡಿದಾರೆ." ಮುಂದಿನ ವಾಕ್ಯ ನಾಲಗೆಯ ತುದಿಯಲ್ಲಿ ಸಿದ್ಧವಿತ್ತು: ಇರಲಿ ಬಿಡ್ರಿ, ನೀವು ಆಸೆಯಿಂದ ಕರೆದಿದೀರಿ, ಬೆಳ್ಳಿಯ ಬೆಲೆಗೆ ನಾನೇ ಇಟ್ಟುಕೊಳ್ತೀನಿ. ಆ ವಾಕ್ಯವನ್ನು ಯಾವಾಗ ಸಿದ್ಧಮಾಡಿದೆ, ಬಸ್ಸಿನಲ್ಲೋ, ನಿನ್ನೆ ರಾತ್ರಿ ತಕ್ಕಡಿ ಒರೆಸುವಾಗಲೋ, ಸಫಾರಿಯವನ ಎದುರು ಕೂತಿದ್ದ ದಿನವೋ ಎಂದು ಅವನು ತಡಕಾಡುತ್ತಿದ್ದಾಗ ರುಕ್ಮವ್ವ ನಕ್ಕಳು. ಅಷ್ಟು ಹೊತ್ತು ಗೋಡೆಯ ಹಾಗೆ ಕೂತಿದ್ದವಳು ಬಾಯಿ ತುಂಬ ನಕ್ಕು, ಅವನ ಕೈಯಿಂದ ನಾಣ್ಯವನ್ನು ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡು, "ಚಲೋ ಆತ್ ನೋಡ! ಮಾರಾಕ ಬರೂದಿಲ್ಲ ಅಂದಂಗಾತ! ನಮ್ಮ ಆಯಿ ನನ್ನ ಹಂತೇಕನ ಇರತಾಳ" ಎಂದಳು. ಅವಳಿಗೆ ಮಾರುವ ಮನಸ್ಸೇ ಇರಲಿಲ್ಲ. ಗಂಡನ ಪೇಟಿಯ ಆಸೆಗೆ ಅಡ್ಡಿ ಬರಬಾರದೆಂದು ತೆಗೆದುಕೊಟ್ಟಿದ್ದಳು. "ಸಾಹೇಬ್ರ, ನಿಮ್ಮ ಬಾಯಾಗ ಸಕ್ಕರಿ ಹಾಕ್ಬೇಕ" ಎಂದು ಎದ್ದವಳು ನಿಜಕ್ಕೂ ಡಬ್ಬಿಯಿಂದ ಸಕ್ಕರೆ ತಂದು ಅವನ ಅಂಗೈಗೆ ಹಾಕಿದಳು.

ಸಿದ್ಧವಿದ್ದ ವಾಕ್ಯ ಸಕ್ಕರೆಯ ಜೊತೆ ಒಳಗೆ ಹೋಯಿತು. ಆಮೇಲೆ ನಡೆದದ್ದು ಪಂಚಾಕ್ಷರಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಅವಳು ಬಿಸಿ ರೊಟ್ಟಿ ಬಡಿದಳು, ಎಣ್ಣೆಗಾಯಿ ಬಡಿಸಿದಳು, ಶೇಂಗಾ ಹಿಂಡಿಯ ಮೇಲೆ ಮೊಸರು ಸುರಿದಳು, ಬೇಡವೆಂದರೆ "ಏ, ಉಣ್ರಿ, ಇವತ್ತ ನಮಗ ಹಬ್ಬ" ಎಂದಳು. ಅಡುಗೆ ರುಚಿಯಾಗಿತ್ತು, ಅವನಿಗೆ ಹಸಿವೂ ಆಗಿತ್ತು. ನಾಚಿಕೆಯಿಂದ ಊಟ ಸೇರಬಾರದಾಗಿತ್ತು, ಆದರೆ ನಾಲ್ಕನೇ ರೊಟ್ಟಿಗೆ ಕೈ ತಾನಾಗಿ ಚಾಚಿತು. ಸುಳ್ಳು ಹೇಳಿ ಹೀಗೆ ಉಣ್ಣುವವನನ್ನು ಏನೆಂದು ಕರೆಯಬೇಕು? ಯಮನಪ್ಪ ಎದುರು ಕೂತು ರೊಟ್ಟಿಯ ಅಂಚು ಮುರಿಯುತ್ತಿದ್ದ. ಮುಖ ಬಾಡಿತ್ತು. ಆದರೂ ಅವನು ಹೇಳಿದ್ದು, "ತಪ್ ತಿಳಕೋಬ್ಯಾಡ್ರಿ ಸಾಹೇಬ್ರ. ನಿಮ್ಮ ಸೂಟಿ ದಿನಾ ಹಾಳ ಮಾಡಿದ್ನಿ. ಖೋಟಾ ಅಂತ ಖರೇನ ಗೊತ್ತಿರಲಿಲ್ರಿ ನನಗ. ಇನ್ನ ಯಾರಿಗೂ ತೋರಸೂದಿಲ್ಲ. ಮೋಸಾ ಮಾಡಾಕ ಬಂದಾನ ಅಂತಾರ ಮಂದಿ." ಪಂಚಾಕ್ಷರಿ ತಟ್ಟೆ ನೋಡುತ್ತ "ಹಾಗೇನಿಲ್ಲ ಬಿಡ್ರಿ" ಎಂದ. ಕ್ಷಮೆ ಕೇಳುತ್ತಿದ್ದವನ ದನಿ ಎಷ್ಟು ಸಹಜವಾಗಿತ್ತೆಂದರೆ, ತಾನು ಅವನನ್ನು ಕ್ಷಮಿಸಿದ್ದೂ ಅಷ್ಟೇ ಸಹಜವಾಗಿ ಕೇಳಿಸಿತು.

ಈಗ ಹೇಳಬಹುದು, ಎಂದುಕೊಂಡ. ಕೈ ತೊಳೆದ ಮೇಲೆ ಹೇಳಬಹುದು. ಆದರೆ ನಿಜ ಹೇಳಿದರೆ ಅವಳ ಹಬ್ಬ ಮುಗಿಯುತ್ತದೆ, ನಾಣ್ಯ ಹೋಗಿ ಪೇಟಿ ಬರುತ್ತದೆ. ಹೇಳದಿದ್ದರೆ ಅವನ ಪೇಟಿ ಹೋಗುತ್ತದೆ, ನಾಣ್ಯ ಅವಳಲ್ಲಿ ಉಳಿಯುತ್ತದೆ. ನೋಡಿದರೆ ತನ್ನ ಸುಳ್ಳಿನಿಂದ ಒಳ್ಳೆಯದೇ ಆಗಿದೆ. ಆಗಷ್ಟೇ ಕದಿಯಹೊರಟಿದ್ದವನು ಇಷ್ಟು ಬೇಗ ಪುಣ್ಯವಂತನಾಗುವ ದಾರಿ ಹುಡುಕಿಕೊಂಡದ್ದು ಕಂಡು ಅವನಿಗೆ ತನ್ನ ಬಗ್ಗೆ ಅಸಹ್ಯವೂ ಒಂದು ಬಗೆಯ ಬೆರಗೂ ಒಟ್ಟಿಗೇ ಆದವು. ತಕ್ಕಡಿ ಮಡಿಚಿ ಚೀಲಕ್ಕೆ ಹಾಕಿದ. ರುಕ್ಮವ್ವ ಸೆರಗು ಹೊದ್ದು ಅವರ ಜೊತೆಗೇ ಹೊರಟಳು. "ನಾನೂ ರಸ್ತಾದ ತನಕಾ ಬರತೇನಿ. ಆಚಾರಿ ಅಂಗಡಿ ತೆರದೈತಿ. ಖೋಟಾ ಅಂದಮ್ಯಾಲ ಇನ್ನ ಯಾಕ ಟ್ರಂಕನ್ಯಾಗ ಕೊಳಿಬೇಕ ಅದು? ಒಂದ ಕೊಂಡಿ ಬೆಸಿಸಿ ಕೊರಳಾಗ ಹಾಕ್ಕೊಂತೀನಿ."

ಅವಳು ಹೇಳಿದ್ದು ಪಂಚಾಕ್ಷರಿಗೆ ಪೂರ್ತಿ ಅರ್ಥವಾದದ್ದು ರಸ್ತೆಗೆ ಬಂದ ಮೇಲೆ. ಕೊಂಡಿ ಬೆಸೆಯಬೇಕೆಂದರೆ ನಾಣ್ಯದ ಅಂಚನ್ನು ಉಜ್ಜಬೇಕು, ಬೆಂಕಿಗೆ ಹಿಡಿಯಬೇಕು. ಐವತ್ತೇಳು ವರ್ಷ ಕುಂಕುಮದಲ್ಲಿ ಬೆಚ್ಚಗೆ ಮಲಗಿದ್ದ ಮೈ ಅರ್ಧ ನಿಮಿಷದಲ್ಲಿ ಸುಟ್ಟ ತಗಡಿನಂತಾಗುತ್ತದೆ. ಅಂಗಡಿ ಆಚೆ ಬದಿ, ಸ್ಟಾಪು ಈಚೆ ಬದಿ. ಗಂಡಹೆಂಡಿರು ಅವನಿಗೆ ಕೈಮುಗಿದು ಲಾರಿಗಳ ನಡುವೆ ರಸ್ತೆ ದಾಟಿದರು. ಬೆಳ್ಳಿಬಂಗಾರದ ಕೆಲಸದ ಇಕ್ಕಟ್ಟಾದ ಅಂಗಡಿಯ ಕಟ್ಟೆಯ ಮೇಲೆ ಲುಂಗಿ ಉಟ್ಟ ಆಚಾರಿ ನಾಣ್ಯ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದದ್ದು ಕಾಣಿಸಿತು. ಅಷ್ಟರಲ್ಲಿ ಬಸ್ಸು ಬಂತು. ಪಂಚಾಕ್ಷರಿ ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಬಸ್ಸಿನ ಎರಡೂ ಬದಿಯ ಕಿಟಕಿಗಳ ಮೂಲಕ, ಯಾರದೋ ಬುಟ್ಟಿಯ ಕೋಳಿಯ ತಲೆಯ ಮೇಲಿನಿಂದ, ಆಚಾರಿ ಇಕ್ಕಳದಲ್ಲಿ ನಾಣ್ಯ ಹಿಡಿದು ಇಟ್ಟಿಗೆಯ ಮೇಲಿಡುವುದು ಕಂಡಿತು. ಬೆಂಕಿಕಡ್ಡಿ ಗೀರಿದ. ಕೈಯಲ್ಲಿದ್ದ ಗ್ಯಾಸಿನ ಕೊಳವೆಯ ತುದಿಯಲ್ಲಿ ನೀಲಿ ಉರಿ ಎದ್ದಿತು. "ಹತ್ತಿ ಸಾರ್, ಇಲ್ಲಾ ಇಳೀರಿ" ಎಂದ ಆ ಬಸ್ಸಿನ ಕಂಡಕ್ಟರು. ಪಂಚಾಕ್ಷರಿ ಇಳಿದ. ಬಸ್ಸಿನ ಮುಂದೆಯೇ ಅಡ್ಡಬಂದು, ಹಾರ್ನು ಬೈಗುಳ ಎರಡನ್ನೂ ಬೆನ್ನಿಗೆ ತಗೊಂಡು, ಚೀಲ ಎತ್ತಿ ಹಿಡಿದು ಓಡಿದ.

"ಬೆಂಕಿ! ಆಚಾರ್ರೇ, ಬೆಂಕಿ! ನಿಲ್ಲಿಸ್ರೀ!"

ಆಚಾರಿ ಗಾಬರಿಯಾಗಿ ತನ್ನ ಲುಂಗಿ ನೋಡಿಕೊಂಡ. ಎದ್ದು ನಿಂತು ಹಿಂದೆ ಮುಂದೆ ಕೊಡವಿದ. "ಎಲ್ಲಿ ಸಾರ್? ಎಲ್ಲಿ ಬೆಂಕಿ?"

"ಅಲ್ಲ ಕಣ್ರೀ, ನಿಮ್ಮ ಕೈಲಿರೋದು. ಆರಿಸ್ರಿ ಅದನ್ನ." ಪಂಚಾಕ್ಷರಿ ಕಟ್ಟೆಗೆ ಕೈಯೂರಿ ಏದುಸಿರು ಬಿಟ್ಟ. ಇಟ್ಟಿಗೆಯ ಮೇಲೆ ನಾಣ್ಯ ಇನ್ನೂ ತಣ್ಣಗಿತ್ತು. ಮುಟ್ಟಿ ನೋಡಿದ. ಯಮನಪ್ಪ ಅವನ ಭುಜ ಹಿಡಿದು "ಏನಾತ್ರಿ ಸಾಹೇಬ್ರ? ಕುಂದರ್ರಿ" ಎಂದ. ಕೂತರೆ ಹೇಳಲಾರೆ ಎಂದು ಪಂಚಾಕ್ಷರಿ ನಿಂತೇ ಹೇಳಿದ. "ನಾನು ಸುಳ್ಳು ಹೇಳ್ದೆ. ಅದು ಅಸಲಿ. ಇಸವೀನೂ ಅಸಲಿ. ಖೋಟಾ ಅಂದ್ರೆ ನೀವು ಕಮ್ಮಿಗೆ ಕೊಡ್ತೀರಿ ಅಂತ ಹೇಳ್ದೆ."

ಒಂದು ಲಾರಿ ಹೋಯಿತು. ಅದರ ಹಿಂದೆ ಇನ್ನೊಂದು. ಹೊಡೆದರೆ ಹೊಡೆಯಲಿ ಎಂದು ಪಂಚಾಕ್ಷರಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅದನ್ನು ನೋಡಿ ರುಕ್ಮವ್ವನ ತುಟಿಯ ಮೂಲೆ ಅಲುಗಿತು.

"ರೊಟ್ಟಿ ಉಣ್ಣೂಮುಂದ ಯಾಕ ಹೇಳಲಿಲ್ರಿ?" ಎಂದಳು.

"ಧೈರ್ಯ ಆಗ್ಲಿಲ್ಲ ತಾಯಿ."

"ನಾಕ ರೊಟ್ಟಿ ಉಂಡ್ರೂ ಆಗಲಿಲ್ಲೇನ?"

ಆಚಾರಿ ಮೊದಲು ನಕ್ಕ. ಯಮನಪ್ಪ ನಗಲಿಲ್ಲ. ಅವನು ನಾಣ್ಯವನ್ನು ಎತ್ತಿ ಅಂಗೈಯಲ್ಲಿಟ್ಟು ತೂಗುವವನಂತೆ ಮೇಲೆ ಕೆಳಗೆ ಮಾಡಿ, "ಖರೇ ಎಷ್ಟ ಬರತೈತ್ರಿ ಇದಕ್ಕ?" ಎಂದು ಕೇಳಿದ. ಸರಿಯಾದ ಹರಾಜಿನಲ್ಲಿ ಇಟ್ಟರೆ ನೀವು ನೋಡಿದಂಥ ಪೇಟಿ ನಾಲ್ಕೈದು ಬರಬಹುದು, ಹನುಮಂತಯ್ಯನವರು ಅಂತ ಒಬ್ಬರಿದ್ದಾರೆ, ಅವರ ಕೈಯಲ್ಲಿ ಕೊಡಿ, ನನಗೆ ಕೊಡಬೇಡಿ, ಎಂದು ಪಂಚಾಕ್ಷರಿ ಒಂದೇ ಉಸಿರಿಗೆ ಹೇಳಿದ. ನಾಲ್ಕೈದು ಎಂದಾಗ ಯಮನಪ್ಪನ ಕಣ್ಣು ಅರಳಿದವು. ಆಮೇಲೆ ಅವನು ಹೆಂಡತಿಯ ಕಡೆ ನೋಡಿದ. ಅವಳು ಬೇಡ ಎನ್ನಲಿಲ್ಲ, ಹ್ಞೂಂ ಎನ್ನಲಿಲ್ಲ. ಅವನ ಅಂಗೈಯ ಮೇಲಿನ ನಾಣ್ಯವನ್ನು ಅಜ್ಜಿಯನ್ನು ಊರಿನ ಬಸ್ಸು ಹತ್ತಿಸಲು ಬಂದವಳ ಹಾಗೆ ನೋಡುತ್ತ ನಿಂತಿದ್ದಳು. ಯಮನಪ್ಪ ಬೆರಳಿನಿಂದ ಕಿವಿ ಕೆರೆದುಕೊಂಡ. ಬಹಳ ಹೊತ್ತು ಕೆರೆದುಕೊಂಡ.

"ಪೇಟಿ ಹೋತು ಅಂತ ಅಂದ್ಕೊಂಡ ಒಂದ ತಾಸ ಆಗೇತ್ರಿ ಸಾಹೇಬ್ರ" ಎಂದ ಕೊನೆಗೆ. "ಆಗಿದ್ದ ದುಃಖಾ ಆಗಿ ಮುಗದೈತಿ. ಈಗ ಮತ್ತ ಅಕೀಗ್ ಯಾಕ ಅಳಸೂದು? ತಗೋ" ಎಂದು ನಾಣ್ಯವನ್ನು ರುಕ್ಮವ್ವನ ಕೈಗೆ ಹಾಕಿ, "ಸೋಮವಾರ ಬಾಯಿಲೇನ ಪೇಟಿ ಬಾರಸತೇನಿ" ಎಂದು ಮೂಗಿನಿಂದ ಉದ್ದಕ್ಕೆ ಒಂದು ಸ್ವರ ಹೊರಡಿಸಿದ. ಅದು ನಿಜಕ್ಕೂ ಹಾರ್ಮೋನಿಯಂನ ಹಾಗೆಯೇ ಇತ್ತು. ರುಕ್ಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಅದೇ ಸೆರಗಿನಿಂದ ನಾಣ್ಯವನ್ನೂ ಒರೆಸಿ, ಆಚಾರಿಯ ಮುಂದಿಟ್ಟಳು. "ಹಚ್ಚೋ ಅಣ್ಣ ಕೊಂಡಿ. ಅಸಲಿ ಇದ್ರ ಮತ್ತಷ್ಟ ಚಲೋ."

"ಬೆಸೀಬೇಡ್ರಿ!" ಎಂದು ಪಂಚಾಕ್ಷರಿ ಮತ್ತೆ ಕೂಗಿದ. ಈ ಸಲ ಅದರಲ್ಲಿ ಸ್ವಾರ್ಥವಿತ್ತೋ ಇಲ್ಲವೋ ಎಂದು ಹುಡುಕಲು ಅವನಿಗೆ ಪುರುಸೊತ್ತಿರಲಿಲ್ಲ. ನಾಣ್ಯಕ್ಕೆ ಬೆಂಕಿ ತಾಗಿಸದೆ ಬೇರೆ ದಾರಿಯಿದೆ ಎಂದ. ಬೆಳ್ಳಿಯ ಪಟ್ಟಿ ಬಗ್ಗಿಸಿ ಸುತ್ತ ಬಳೆ ಮಾಡಿ, ಕೊಂಡಿಯನ್ನು ಆ ಬಳೆಗೇ ಬೆಸೆದು, ತಣ್ಣಗಾದ ಮೇಲೆ ನಾಣ್ಯ ಕೂರಿಸಿ ನಾಲ್ಕು ಕಡೆ ಸಣ್ಣ ಹಲ್ಲು ಮಡಚಿ ಹಿಡಿಸಿದರಾಯಿತು. ಬೇಕೆಂದಾಗ ಬಿಚ್ಚಬಹುದು. ಆಚಾರಿ ತಲೆದೂಗಿ, ಅಳತೆ ಸರಿ ಕೂರದಿದ್ದರೆ ಉದುರುತ್ತೆ ಎಂದ. ಅಳತೆ! ಪಂಚಾಕ್ಷರಿ ಚೀಲದಿಂದ ವರ್ನಿಯರ್ ತೆಗೆದು ಕಟ್ಟೆ ಹತ್ತಿ ಕೂತ. ಅಡ್ಡ ಅಳೆದ, ದಪ್ಪ ಅಳೆದ, ಮೂರು ಜಾಗದಲ್ಲಿ ಅಳೆದು ಚೀಟಿಯಲ್ಲಿ ಬರೆದ. ಆಚಾರಿ ಪಟ್ಟಿ ಬಗ್ಗಿಸಿದ, ಪಂಚಾಕ್ಷರಿ ಅಳೆದ, ತುಸು ಹೆಚ್ಚಾಯಿತು ಎಂದ, ಆಚಾರಿ ಬಡಿದ. ಮುಕ್ಕಾಲು ಗಂಟೆ ಇಬ್ಬರೂ ಬೇರೆ ಮಾತಾಡಲಿಲ್ಲ. ಬಳೆಯೊಳಗೆ ನಾಣ್ಯ ಟಕ್ಕೆಂದು ಕೂತಾಗ ಪಂಚಾಕ್ಷರಿಗೆ, ಇಡೀ ಬೆಂಗಳೂರಿನಲ್ಲಿ ಯಾವ ಸಂಗ್ರಾಹಕನ ಡಬ್ಬಿಯಲ್ಲೂ ಇಲ್ಲದಂಥ ನಾಣ್ಯವೊಂದು ಈಗ ಕಾರ್ಖಾನೆಗೆ ಇಟ್ಟಿಗೆ ಹೊರುವ ಹೆಂಗಸಿನ ಕೊರಳಿಗೆ ಹೋಗುತ್ತದೆ ಎಂದು ಹೊಳೆದು, ಎದೆ ಒಮ್ಮೆ ಹಿಂಡಿ, ಹಗುರಾಯಿತು. ರುಕ್ಮವ್ವ ಅದನ್ನು ಸರಕ್ಕೆ ಪೋಣಿಸಿ ಹಾಕಿಕೊಂಡು ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡಳು. ಆಚಾರಿ ಮಜೂರಿ ಹೇಳಿದಾಗ ಯಮನಪ್ಪ ಜೇಬಿಗೆ ಕೈಹಾಕಿದ. ಅವಳು ಅವನ ಕೈ ಹಿಡಿದಳು.

"ನೀ ಬಿಡು. ಸುಳ್ಳ ಹೇಳಿದವರು ಕೊಡ್ತಾರ."

ಪಂಚಾಕ್ಷರಿ ಕೊಟ್ಟ. ಎರಡು ವರ್ಷದಲ್ಲಿ ನಾಣ್ಯಕ್ಕೆಂದು ಖರ್ಚು ಮಾಡಿದ ದುಡ್ಡಿನಲ್ಲಿ ಇಷ್ಟು ಖುಷಿಯಿಂದ ಯಾವುದನ್ನೂ ಕೊಟ್ಟಿರಲಿಲ್ಲ.

ಆದರೆ ಅವನಿಗೆ ಹೊರಡಲು ಆಗಲಿಲ್ಲ. ಸುದ್ದಿ ಸಾಲಿನ ಮನೆಗಳಿಗೆ ಮುಟ್ಟಿತ್ತು. ಒಬ್ಬ ತೂತಿನ ಕಾಸು ತಂದ, ಇನ್ನೊಬ್ಬಳು ದೇವರ ಜಗಲಿಯ ಮೇಲಿದ್ದ ನಾಲ್ಕಾಣೆ ತಂದಳು. ಆಚಾರಿ ತಾನೂ ಗಲ್ಲಾದ ಮೂಲೆಯಿಂದ ಎರಡು ತೆಗೆದ. ಪಂಚಾಕ್ಷರಿ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಇದು ಅಸಲಿ, ಆದರೆ ಬೇಕಾದಷ್ಟಿವೆ, ಇದು ಸುರಿದು ಮಾಡಿದ್ದು, ನೋಡಿ ಇಲ್ಲಿ ಕುಳಿಗಳು, ಎಂದು ಮಸೂರವನ್ನು ಅವರ ಕಣ್ಣಿಗೇ ಕೊಟ್ಟು ಹೇಳುತ್ತಿದ್ದ. ಆಗ ಜನರನ್ನು ಮೊಣಕೈಯಿಂದ ಸರಿಸುತ್ತ ಒಬ್ಬ ಮುದುಕಿ ಬಂದಳು. ಯಮನಪ್ಪನ ದೊಡ್ಡಮ್ಮ, ಶೇಖವ್ವ. ಅದೇ ಸಾಲಿನಲ್ಲಿದ್ದ ತನ್ನ ಮಗನ ಮನೆಗೆಂದು ಊರಿನಿಂದ ನಾಲ್ಕು ದಿನಕ್ಕೆ ಬಂದವಳು. ಎಲೆಅಡಿಕೆಯ ಚೀಲದಿಂದ ಹಳದಿ ಬಿಲ್ಲೆಯೊಂದನ್ನು ತೆಗೆದು ಅವನ ಮುಂದೆ ಹಿಡಿದಳು. ಒಂದು ಕಡೆ ರಾಮ ಸೀತೆ ಕೂತಿದ್ದರು, ಇನ್ನೊಂದು ಕಡೆ ಬಿಲ್ಲು ಹಿಡಿದ ಅಣ್ಣತಮ್ಮಂದಿರು. "ರಾಮದೇವರ ಕಾಲದ್ದಂತಪಾ. ಬಂಗಾರದ್ದಂತ. ನನ್ನ ಗಂಡ ಮೂವತ್ತ ವರ್ಷದ ಹಿಂದ ಎಮ್ಮಿ ಮಾರಿ ತಂದಾನ. ಕರೂ ಇದ್ದ ಎಮ್ಮಿ."

ಮಸೂರ ಬೇಕಾಗಿಯೇ ಇರಲಿಲ್ಲ. ಯಾತ್ರೆಯ ಊರುಗಳ ಅಂಗಡಿಗಳಲ್ಲಿ ಇಂಥವು ಬುಟ್ಟಿಗಟ್ಟಲೆ ಸಿಗುತ್ತವೆ. ಆದರೂ ಪಂಚಾಕ್ಷರಿ ಮಸೂರ ಹಿಡಿದ, ತಿರುವಿದ, ತೂಗಿದ, ಹೊತ್ತು ಕಳೆದ. ಹಾಲು ಕೊಡುತ್ತಿದ್ದ ಎಮ್ಮೆ ಕಣ್ಣೆದುರು ಬಂತು. ಎಂಬತ್ತರ ಹತ್ತಿರದ ಮುದುಕಿ. ಇವಳಿಗೊಂದು ಸುಳ್ಳು ಹೇಳಿದರೆ ಯಾರಿಗೇನು ನಷ್ಟ? ಬಾಯಿ ತೆರೆದ. ಪಕ್ಕದಲ್ಲಿ ರುಕ್ಮವ್ವ ಕೊರಳ ನಾಣ್ಯ ಹಿಡಿದು ಅವನನ್ನೇ ನೋಡುತ್ತಿದ್ದಳು.

"ಹಿತ್ತಾಳೆ ಅಜ್ಜಿ" ಎಂದ. "ಖೋಟಾ."

ಶೇಖವ್ವ ಬಿಲ್ಲೆಯನ್ನು ಇಸಿದುಕೊಂಡು ತಿರುವಿ ನೋಡಿದಳು. ಆಮೇಲೆ ಅವಳ ಸುಕ್ಕು ಮುಖ ಒಳಗಿನಿಂದ ಯಾರೋ ದೀಪ ಹಚ್ಚಿದಂತೆ ನಿಧಾನವಾಗಿ ಬೆಳಗಿತು. "ಖರೇ ಹೇಳ್ತಿ ಹೌದಿಲ್ಲೋ?"

"ಖರೇ ಅಜ್ಜಿ. ಆಣೆ ಮಾಡ್ತೀನ್ ಬೇಕಾದ್ರೆ."

"ಅವಾಗ ಬಡಕೊಂಡ್ನಿ ನಾನು! ಎಮ್ಮಿ ಮಾರಬ್ಯಾಡೋ, ಅಂವ ಮೋಸಗಾರ ಅದಾನೋ ಅಂತ. ನಿನಗೇನ ತಿಳಿತೈತಿ ಹೆಂಗಸ ಅಂದ. ಮೂವತ್ತ ವರ್ಷಾತಪಾ, ಇವತ್ತಿಗೂ ಮಾತಿಗೊಮ್ಮೆ ರಾಮದೇವರ ರೊಕ್ಕಾ ತಂದಾಂವ ನಾನು ಅಂತಾನ. ಕಟ್ಟಿ ಮ್ಯಾಲ ಕುಂತಿರತಾನ ಈಗೂ." ಅವಳು ಕಟ್ಟೆಯ ಮೇಲೆ ಅವನ ಪಕ್ಕಕ್ಕೆ ಹತ್ತಿ ಕೂತಳು. "ನಾಳಿನ ಗಾಡಿಗೆ ಊರಿಗೆ ಹೊಕ್ಕೇನಿ. ಬಾಯಿಲೆ ಹೇಳಿದ್ರ ನಂಬೂದಿಲ್ಲ ಅಂವ. ನೀ ಒಂದ ಕಾಗದದಾಗ ಬರದ ಕೊಡು. ಸಹಿ ಮಾಡು."

ಪಂಚಾಕ್ಷರಿ ನೋಟ್‌ಬುಕ್ಕಿನ ಹಾಳೆ ಹರಿದು ತೊಡೆಯ ಮೇಲಿಟ್ಟುಕೊಂಡು, ದಪ್ಪ ಅಕ್ಷರದಲ್ಲಿ ತೂಕ, ಲೋಹ, ಕುಳಿಗಳ ಸಂಖ್ಯೆ ಎಲ್ಲ ಬರೆದು, ಕೊನೆಯಲ್ಲಿ ಖೋಟಾ ಎಂದು ಬರೆದು ಅಡಿಗೆರೆ ಎಳೆದು, ಸಹಿ ಹಾಕಿ ತಾರೀಕು ಹಾಕಿದ. ಗಟ್ಟಿಯಾಗಿ ಓದಿ ಹೇಳಿದ. ಶೇಖವ್ವ ಎಲೆಗೆ ಸುಣ್ಣ ಸವರುತ್ತ, ಕಣ್ಣು ಮುಚ್ಚಿ, ತಲೆದೂಗುತ್ತ ಕೇಳಿದಳು.

"ಇನ್ನೊಮ್ಮೆ ಓದ" ಎಂದಳು. "ಖೋಟಾ ಅನ್ನೂದನ್ನ ಸ್ವಲ್ಪ ಜೋರ ಓದ."